13.8 ವೋಲ್ಟ್ ಇದ್ದರೂ ಬಿಸಿಯಾಗದ ಕನ್ನಡಿ: ಹಳೆಯ ಕಾರೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪೆನೈನ್ ಬೆಟ್ಟಸಾಲಿನ ಆಚೆ ಈಚೆ ಓಡಾಡುವ ಹಳೆಯ ಕಾರೊಂದರಲ್ಲಿ, ಮಂಜು ಕರಗಿಸಲು ತಾನೇ ಬಿಸಿಯಾಗಬೇಕಿದ್ದ ಪಕ್ಕದ ಕನ್ನಡಿ ಬಿಸಿಯಾಗದೆ ಹೋದ ಪ್ರಕರಣವಿದು. ಮಾಲೀಕರ ಗುರುತು, ಕಾರಿನ ಕಂಪನಿ, ಗ್ಯಾರೇಜಿನ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ದೋಷವನ್ನು ಅರ್ಥಮಾಡಿಕೊಳ್ಳಲು ಬೇಕಾದಷ್ಟನ್ನು ಹೇಳುವುದಾದರೆ, ಅದು 2003ರಲ್ಲಿ ನೋಂದಣಿಯಾದ ಜರ್ಮನ್ ತಯಾರಿಕೆಯ ಎಸ್ಟೇಟ್ (ಹಿಂಬದಿಯಲ್ಲಿ ಸಾಮಾನಿಗೆ ಉದ್ದನೆಯ ಜಾಗವಿರುವ) ಕಾರು. ಸ್ಟಿಯರಿಂಗ್ ನಮ್ಮ ದೇಶದಲ್ಲಿರುವಂತೆಯೇ ಬಲಗಡೆಗೆ. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿರುವ ಮಾಲೀಕರದು ಪಾಳಿಯ ಕೆಲಸವಾದ್ದರಿಂದ, ಚಳಿಗಾಲದ ನಸುಕಿನಲ್ಲಿ ಎಂ62 ಮೋಟಾರುದಾರಿ ಹಿಡಿದು ಬೆಟ್ಟ ದಾಟುವುದು ಅವರಿಗೆ ಅನಿವಾರ್ಯ. ಆ ದಾರಿ ಸಮುದ್ರಮಟ್ಟದಿಂದ 372 ಮೀಟರ್ ಎತ್ತರಕ್ಕೆ ಏರುತ್ತದೆ. ಇಂಗ್ಲೆಂಡಿನ ಮೋಟಾರುದಾರಿಗಳಲ್ಲೆಲ್ಲ ಅತಿ ಎತ್ತರದ ಜಾಗ ಅದೇ. ಕೆಳಗೆ ತುಂತುರು ಮಳೆಯಿದ್ದರೆ ಮೇಲೆ ಮಂಜು, ಕೆಲವೊಮ್ಮೆ ಹಿಮ. ಎಡದ ಲೇನಿನಲ್ಲಿ ಲಾರಿಗಳು ಏದುಸಿರು ಬಿಡುತ್ತ ಏರುವುದರಿಂದ ಬಲಕ್ಕೆ ಸರಿದು ಮುಂದೆ ಹೋಗಲೇಬೇಕು. ಹಾಗೆ ಸರಿಯುವಾಗ ನೋಡಬೇಕಾದ ಬಲಗಡೆಯ ಕನ್ನಡಿಯೇ ಮಸುಕಾಗಿರುತ್ತಿತ್ತು.

ಬಿಸಿ ಕನ್ನಡಿಯ ರಚನೆ ಸರಳ. ಗಾಜಿನ ಬೆನ್ನಿಗೆ ಲೋಹದ ತೆಳುಹಾಳೆಯನ್ನೋ ಇಂಗಾಲದ ಶಾಯಿಯ ಪಟ್ಟಿಗಳನ್ನೋ ಹೊತ್ತ ಒಂದು ಪದರವನ್ನು ಅಂಟಿಸಿರುತ್ತಾರೆ. ಅದಕ್ಕೆ ಎರಡು ಚಪ್ಪಟೆ ಟರ್ಮಿನಲ್‌ಗಳು. ಒಂದಕ್ಕೆ ಫ್ಯೂಸ್ ಮೂಲಕ ಬ್ಯಾಟರಿಯ ಧನ ತುದಿ, ಇನ್ನೊಂದಕ್ಕೆ ಕಾರಿನ ಲೋಹದ ಮೈಗೆ, ಅಂದರೆ ಬಾಡಿಯತ್ತ, ವಿದ್ಯುತ್ತನ್ನು ಮರಳಿ ಒಯ್ಯುವ ಅರ್ಥ್ ತಂತಿ. ಈ ಕಾರಿನಲ್ಲಿ ಕನ್ನಡಿಗಳಿಗೆಂದು ಬೇರೆ ಗುಂಡಿ ಇರಲಿಲ್ಲ. ಹಿಂದಿನ ಗಾಜಿನ ಮಂಜು ಕರಗಿಸುವ ಗುಂಡಿಯನ್ನು ಒತ್ತಿದರೆ ಅದೇ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಕನ್ನಡಿಗಳಿಗೂ ವಿದ್ಯುತ್ ಕೊಡುತ್ತಿತ್ತು, ಎಂಜಿನ್ ಓಡುತ್ತಿದ್ದಾಗ ಮಾತ್ರ. ಸ್ವಲ್ಪ ಹೊತ್ತಿನ ಮೇಲೆ ಟೈಮರ್ ಅದನ್ನು ತಾನಾಗಿ ಕಡಿಯುತ್ತಿತ್ತು. ಪರೀಕ್ಷೆಯ ನಡುವೆ ಟೈಮರ್ ಕಡಿದದ್ದನ್ನು ಹೊಸ ದೋಷವೆಂದು ತಿಳಿದು ದಾರಿ ತಪ್ಪುವವರು ಇದ್ದಾರೆ. ಗುಂಡಿಯ ದೀಪದ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು.

ಕನ್ನಡಿ ಬಿಸಿಯಾಗುತ್ತದೆಯೇ ಎಂಬುದನ್ನು ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ನೋಡುವುದಿಲ್ಲ. ಆದರೆ ಅಲ್ಲಿನ ಹೈವೇ ಕೋಡ್‌ನ 229ನೆಯ ನಿಯಮ, ಹಿಮ ಬಿದ್ದ ದಿನ ಹೊರಡುವ ಮುನ್ನ ಗಾಜುಗಳ ಜೊತೆಗೆ ಕನ್ನಡಿಗಳೂ ಸ್ವಚ್ಛವಾಗಿರಬೇಕೆಂದು ಹೇಳುತ್ತದೆ. ಹೀಗಾಗಿ ಕಾರು ತಪಾಸಣೆಯಲ್ಲಿ ವರ್ಷವರ್ಷವೂ ಪಾಸಾಗುತ್ತ ಬಂದಿತ್ತು, ದೋಷವೂ ಹಾಗೆಯೇ ಉಳಿದುಕೊಂಡು ಬಂದಿತ್ತು.

ನಮ್ಮ ಬಳಿ ಬರುವ ಮುನ್ನ

ಮಾಲೀಕರು ಮೊದಲು ಹೋದದ್ದು ಒಂದು ಗ್ಯಾರೇಜಿಗೆ. ಅಲ್ಲಿ ಸ್ಕ್ಯಾನರ್ ಜೋಡಿಸಿ, ಯಾವ ದೋಷಸಂಕೇತವೂ ದಾಖಲಾಗಿಲ್ಲವೆಂದು ಹೇಳಿ, ಬಲಗಡೆಯ ಕನ್ನಡಿಯನ್ನು ಕವಚ, ಮೋಟಾರು ಸಮೇತ ಇಡಿಯಾಗಿ ಬದಲಿಸಲು ಸಲಹೆ ಕೊಟ್ಟರು. ಈ ಕಾರಿನಲ್ಲಿ ಕನ್ನಡಿಯ ಹೀಟರ್ ಮೇಲೆ ಯಾವ ಕಂಪ್ಯೂಟರಿನ ನಿಗಾವೂ ಇಲ್ಲ. ಆದ್ದರಿಂದ ಸಂಕೇತ ದಾಖಲಾಗುವ ಪ್ರಶ್ನೆಯೇ ಇರಲಿಲ್ಲ. ಸ್ಕ್ಯಾನರ್ ಸುಮ್ಮನಿದ್ದದ್ದು ದೋಷ ಎಲ್ಲಿಲ್ಲ ಎಂಬುದನ್ನೂ ತಿಳಿಸುವುದಿಲ್ಲ, ಎಲ್ಲಿದೆ ಎಂಬುದನ್ನೂ ತಿಳಿಸುವುದಿಲ್ಲ.

ಖರ್ಚು ನೋಡಿ ಹಿಂಜರಿದ ಮಾಲೀಕರು ತಾವೇ ಕೈಹಾಕಿದರು, ಅದೂ ಸಾಕಷ್ಟು ಕ್ರಮವಾಗಿ. ಫ್ಯೂಸ್ ತೆಗೆದು ನೋಡಿದರು, ಸರಿಯಿತ್ತು. ಬಲಗಡೆಯ ಕನ್ನಡಿಯ ಗಾಜನ್ನು ಬಿಡಿಸಿ, ಟರ್ಮಿನಲ್‌ಗಳಿಂದ ಕಳಚಿದ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರು. 13.8 ವೋಲ್ಟ್ ತೋರಿಸಿತು. ವಿದ್ಯುತ್ ಕನ್ನಡಿಯವರೆಗೆ ಬರುತ್ತಿದೆ, ಕನ್ನಡಿ ಬಿಸಿಯಾಗುತ್ತಿಲ್ಲ, ಆದ್ದರಿಂದ ಕೆಟ್ಟಿರುವುದು ಗಾಜಿನ ಹಿಂದಿನ ಹೀಟರ್ ಎಂದು ತೀರ್ಮಾನಿಸಿದರು. ನೋಡಿದ ಯಾರಿಗೂ ತಪ್ಪು ಕಾಣದ ತರ್ಕವಿದು. ಬೇರೆ ತಯಾರಕರ ಪರ್ಯಾಯ ಗಾಜನ್ನು ತರಿಸಿ ಕೂರಿಸಿದರು. ಅದೂ ಬಿಸಿಯಾಗಲಿಲ್ಲ. ಹೊಸ ಗಾಜೇ ಕೆಟ್ಟದ್ದಿರಬೇಕೆಂದು ಮಾರಾಟಗಾರರೊಡನೆ ಪತ್ರವ್ಯವಹಾರ ನಡೆಸಿ, ಅದು ಬಗೆಹರಿಯುವ ಲಕ್ಷಣ ಕಾಣದಿದ್ದಾಗ ಕಾರನ್ನು ನಮ್ಮ ಬಳಿ ತಂದರು.

ಮಾತಿನ ನಡುವೆ ಅವರು ಇನ್ನೆರಡು ಸಂಗತಿ ಹೇಳಿದರು. ಎಡಗಡೆಯ ಕನ್ನಡಿ 'ಸರಿಯಾಗಿದೆ' ಎಂಬುದು ಒಂದು. ಬಲಗಡೆಯದು ಅಪರೂಪಕ್ಕೊಮ್ಮೆ ತಾನಾಗಿಯೇ ತಿಳಿಯಾದದ್ದುಂಟು ಎಂಬುದು ಇನ್ನೊಂದು. ಈ ಎರಡನೆಯ ಮಾತಿಗೆ ಅವರೇ ಹೆಚ್ಚು ಬೆಲೆ ಕೊಟ್ಟಿರಲಿಲ್ಲ, ಏಕೆಂದರೆ ಅದು ಬೇಕೆಂದಾಗ ಮರುಕಳಿಸುತ್ತಿರಲಿಲ್ಲ. ನಮಗೆ ಮಾತ್ರ ಅದೇ ಮುಖ್ಯವೆನಿಸಿತು. ಸುಟ್ಟು ಕಡಿದುಹೋದ ಹೀಟರ್ ಹಾಗೆ ಆಗೊಮ್ಮೆ ಈಗೊಮ್ಮೆ ಜೀವ ಪಡೆಯುವುದು ಕಡಿಮೆ. ಬಂದು ಹೋಗುವ ದೋಷ ಸಾಮಾನ್ಯವಾಗಿ ಅಲುಗಾಡುವ ಜಾಗದಲ್ಲಿರುತ್ತದೆ.

ಲೋಡ್ ಇಟ್ಟು ಅಳೆದಾಗ

ಹಿಂದಿನ ಗಾಜು ತಿಳಿಯಾಗುತ್ತಿತ್ತು. ರಿಲೇ, ಗುಂಡಿ, ಟೈಮರ್ ಸರಿಯಿವೆ. ಎಡಗಡೆಯ ಕನ್ನಡಿ ಮುಟ್ಟಿದರೆ ಬೆಚ್ಚಗಿತ್ತು. ಎರಡೂ ಕನ್ನಡಿಗಳಿಗೆ ಇರುವುದು ಒಂದೇ ಫ್ಯೂಸ್, ಅದೂ ಸರಿಯಿದೆ. ವೈರಿಂಗ್ ನಕ್ಷೆಯ ಪ್ರಕಾರ ಫ್ಯೂಸ್ ದಾಟಿದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಂತಿ ಎರಡಾಗಿ ಕವಲೊಡೆದು ಒಂದೊಂದು ಬಾಗಿಲಿಗೆ ಹೋಗುತ್ತದೆ, ಅರ್ಥ್ ತಂತಿ ಆಯಾ ಬದಿಯಲ್ಲೇ ಕಾರಿನ ಬಾಡಿಯನ್ನು ಸೇರುತ್ತದೆ. ಹಾಗಾಗಿ ಹುಡುಕಬೇಕಾದದ್ದು ಬಲಗಡೆಯ ಕವಲು ಮಾತ್ರ.

ಮೊದಲು ಗಾಜುಗಳನ್ನೇ ಅಳೆದೆವು. ಹೊಸದರ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ಅಡ್ಡಿ) 8.8 ಓಮ್. ಮಾಲೀಕರು ಹಳೆಯ ಗಾಜನ್ನು ಎಸೆಯದೆ ಹಳೆಯ ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ಅದರ ರೋಧ 9.1 ಓಮ್. ಎರಡೂ ಆರೋಗ್ಯವಾಗಿದ್ದವು. 9.1 ಓಮ್ ಹೀಟರಿಗೆ 13.8 ವೋಲ್ಟ್ ನಿಜವಾಗಿ ತಲುಪಿದರೆ ಒಂದೂವರೆ ಆಂಪಿಯರ್ ಹರಿದು ಸುಮಾರು 21 ವ್ಯಾಟ್ ಶಾಖ ಹುಟ್ಟಬೇಕು. ಕನ್ನಡಿಯೊಂದರ ಇಬ್ಬನಿ ಒಣಗಿಸಲು, ತೆಳುವಾದ ಹಿಮ ಕರಗಿಸಲು ಅಷ್ಟು ಸಾಕು. ಗಾಜು ಕೊಳ್ಳುವ ಮುನ್ನ ಹಳೆಯದರ ಎರಡು ಟರ್ಮಿನಲ್‌ಗಳಿಗೆ ಮೀಟರ್ ಮುಟ್ಟಿಸಿದ್ದರೆ ಸಾಕಿತ್ತು. ಕಾರಿನ ಎಂಜಿನ್ ಕೂಡ ಚಾಲೂ ಮಾಡಬೇಕಿರಲಿಲ್ಲ.

ಹಾಗಿದ್ದರೆ ಮೀಟರಿನಲ್ಲಿ ಕಂಡ 13.8 ವೋಲ್ಟ್ ಏನು? ಅದು ಸುಳ್ಳಲ್ಲ, ಆದರೆ ಅದಕ್ಕೆ ಹೆಚ್ಚಿನ ಅರ್ಥವೂ ಇಲ್ಲ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್‌ನಷ್ಟಿರುತ್ತದೆ. ಅದು ಸರ್ಕ್ಯೂಟಿನಿಂದ ಎಳೆಯುವುದು ಒಂದೂವರೆ ಮೈಕ್ರೋಆಂಪಿಯರನ್ನೂ ಮುಟ್ಟದ ಪ್ರವಾಹ. ತಂತಿ ಸವೆದು ಕಡೆಯ ಒಂದೇ ಎಳೆ ಉಳಿದಿರಲಿ, ಆ ಎಳೆಯೂ ಕಿಲುಬು ಹಿಡಿದಿರಲಿ, ಅಷ್ಟು ಅಲ್ಪ ಪ್ರವಾಹಕ್ಕೆ ಅದು ಅಡ್ಡಿಯೇ ಅಲ್ಲವಾದ್ದರಿಂದ ಮೀಟರ್ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಹೀಟರ್ ಒಂದೂವರೆ ಆಂಪಿಯರ್ ಕೇಳಿದಾಗ ಮಾತ್ರ ಅಡ್ಡಿ ಬಯಲಿಗೆ ಬರುತ್ತದೆ. ತಂತಿ ಕಡಿದಿದೆಯೇ ಎಂದು ಮೀಟರಿನಿಂದ ನೋಡುವ ಕಂಟಿನ್ಯುಟಿ ಪರೀಕ್ಷೆಯ ಬೀಪ್ ಸದ್ದಿನದೂ ಇದೇ ಕಥೆ. ಒಂದು ಎಳೆ ಉಳಿದಿದ್ದರೂ ಅದು ಸಂತೋಷದಿಂದ ಕೂಗುತ್ತದೆ.

ಆದ್ದರಿಂದ ಹಳೆಯ ಗಾಜನ್ನು ತಂತಿಗಳಿಗೆ ಜೋಡಿಸಿ, ಅದು ಕೆಲಸ ಮಾಡಲು ಯತ್ನಿಸುತ್ತಿರುವಾಗಲೇ, ಅಂದರೆ ಪ್ರವಾಹ ಎಳೆಯುವ ಲೋಡ್ ಇಟ್ಟು, ಅಳೆದೆವು. ಕಾರು ಬಯಲಿನಲ್ಲಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು, ಎಂಜಿನ್ ಓಡುತ್ತಿತ್ತು, ಬಾಗಿಲು ಮುಚ್ಚಿತ್ತು. ಹೀಟರಿನ ಎರಡು ಟರ್ಮಿನಲ್‌ಗಳ ನಡುವೆ ಈಗ ಕಂಡದ್ದು 2.3 ವೋಲ್ಟ್.

ಉಳಿದ 11.5 ವೋಲ್ಟ್ ಎಲ್ಲಿ ಹೋಯಿತೆಂಬುದನ್ನು ತಿಳಿಯಲು ಮೀಟರಿನ ಕಪ್ಪು ತಂತಿಯನ್ನು ಉದ್ದದ ತಂತಿಯೊಂದರಿಂದ ಬ್ಯಾಟರಿಯ ಋಣ ತುದಿಗೆ ಕಟ್ಟಿ, ಕೆಂಪು ತಂತಿಯಿಂದ ಟರ್ಮಿನಲ್‌ಗಳನ್ನು ಒಂದೊಂದಾಗಿ ಮುಟ್ಟಿದೆವು. ವಿದ್ಯುತ್ ಬರುವ ಕಡೆ 13.8. ಅಲ್ಲೇನೂ ಕಳೆದುಹೋಗಿಲ್ಲ. ಅರ್ಥ್ ಕಡೆ, ಸೊನ್ನೆಯ ಹತ್ತಿರ ಇರಬೇಕಾದಲ್ಲಿ, 11.5. ಈ ಪ್ರಕರಣದ ತಿರುವು ಇದೇ. ಎಲ್ಲರೂ ವಿದ್ಯುತ್ ಬರುವ ದಾರಿಯನ್ನು ನೋಡಿದ್ದರು, ಅದು ಮರಳಿ ಹೋಗುವ ದಾರಿಯನ್ನು ಯಾರೂ ನೋಡಿರಲಿಲ್ಲ. ಲೆಕ್ಕ ಹಾಕಿದರೆ ಅರ್ಥ್ ತಂತಿಯಲ್ಲಿ ಎಲ್ಲೋ 45 ಓಮ್‌ನಷ್ಟು ರೋಧ ಸೇರಿಕೊಂಡಿತ್ತು. ಕನ್ನಡಿಯಲ್ಲಿ ಅರ್ಧ ವ್ಯಾಟ್‌ಗಿಂತ ತುಸು ಹೆಚ್ಚು ಶಾಖ ಹುಟ್ಟುತ್ತಿದ್ದರೆ, ಆ ಕಾಣದ ಜಾಗದಲ್ಲಿ ಸುಮಾರು ಮೂರು ವ್ಯಾಟ್ ವ್ಯರ್ಥವಾಗುತ್ತಿತ್ತು.

ಇನ್ನು ಜಾಗ ಹುಡುಕುವುದು. ಗಾಜನ್ನು ಕಳಚಿ ಅದರ ಬದಲು ಬ್ರೇಕ್ ದೀಪದ 21 ವ್ಯಾಟ್ ಬಲ್ಬನ್ನು ಜೋಡಿಸಿದೆವು. ಅದು ಎಳೆಯುವ ಪ್ರವಾಹ ಹೆಚ್ಚುಕಡಿಮೆ ಹೀಟರಿನಷ್ಟೇ. ಬಾಗಿಲು ಮುಚ್ಚಿದ್ದಾಗ ಬಲ್ಬು ಬೆಳಗಲಿಲ್ಲ. ಬಾಗಿಲನ್ನು ಮೆಲ್ಲಗೆ ತೆರೆಯುತ್ತ ಹೋದಾಗ ಅರ್ಧಕ್ಕಿಂತ ಸ್ವಲ್ಪ ಆಚೆ ಒಂದು ಕೋನದಲ್ಲಿ ಅದು ಝಗ್ಗನೆ ಹೊತ್ತಿಕೊಂಡಿತು. ಇನ್ನೊಂದು ಗೇಣು ಸರಿಸಿದರೆ ಮತ್ತೆ ನಂದಿತು. ಅದೇ ಕೋನಕ್ಕೆ ತಂದು ನಿಲ್ಲಿಸಿದರೆ ಮತ್ತೆ ಬೆಳಕು. ಮಾಲೀಕರು ಹೇಳಿದ 'ಅಪರೂಪಕ್ಕೊಮ್ಮೆ' ಎಂಬುದಕ್ಕೆ ಇಲ್ಲಿ ವಿವರಣೆ ಸಿಕ್ಕಿತು. ಮೀಟರಿನ ಅಂಕಿ ಬದಲಾಗುವಷ್ಟರಲ್ಲಿ ಬಾಗಿಲು ಆ ಕೋನವನ್ನು ದಾಟಿಬಿಡುತ್ತದೆ. ಬಲ್ಬು ಕ್ಷಣದಲ್ಲೇ ಹೇಳುತ್ತದೆ, ದೂರದಿಂದಲೂ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪ್ರತಿ ಬಾಗಿಲಿಗೂ ಒಂದೊಂದು ಎಲೆಕ್ಟ್ರಾನಿಕ್ ನಿಯಂತ್ರಕ ಇರುವ ಕಾರುಗಳಲ್ಲಿ ಕನ್ನಡಿಯ ಹೀಟರಿಗೆ ವಿದ್ಯುತ್ ಕೊಡುವುದು ಆ ನಿಯಂತ್ರಕವೇ. ತಣ್ಣಗಿನ ಬಲ್ಬು ಮೊದಲ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಪ್ರವಾಹ ಎಳೆಯುವುದರಿಂದ ಅಂಥ ಕಾರುಗಳಲ್ಲಿ ಈ ಉಪಾಯ ಸಲ್ಲದು; ಕನ್ನಡಿಯ ಗಾಜನ್ನೇ ಲೋಡ್ ಆಗಿ ಬಳಸಬೇಕು. ನಮ್ಮ ಮುಂದಿದ್ದ ಕಾರಿನಲ್ಲಿ ಹಾಗೆ ನಿಯಂತ್ರಕವಿಲ್ಲವೆಂಬುದನ್ನು ನಕ್ಷೆಯಲ್ಲಿ ನೋಡಿ ಖಚಿತಪಡಿಸಿಕೊಂಡೇ ಬಲ್ಬು ಜೋಡಿಸಿದ್ದೆವು.

ತಂತಿಯ ದುರಸ್ತಿ

ಬಾಗಿಲಿಗೂ ಬಾಡಿಗೂ ನಡುವೆ, ತಿರುಗಣಿಗಳ ಮಧ್ಯದಲ್ಲಿ, ಬೂಟು ಎಂದು ಕರೆಯುವ ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತದೆ. ಕಿಟಕಿಯ ಮೋಟಾರು, ಬೀಗ, ಸ್ಪೀಕರ್, ಕನ್ನಡಿ, ಎಲ್ಲದರ ತಂತಿಗಳೂ ಅದರೊಳಗಿಂದಲೇ ಹಾದು ಹೋಗುತ್ತವೆ. ಬ್ಯಾಟರಿಯ ಸಂಪರ್ಕ ತೆಗೆದು, ಬೂಟನ್ನು ಬಾಡಿಯ ಕಡೆಯಿಂದ ಸಡಿಲಿಸಿ ಹಿಂದಕ್ಕೆ ಮಗುಚಿದೆವು. ಜರ್ಮನ್ ಕಾರುಗಳಲ್ಲಿ ಅರ್ಥ್ ತಂತಿ ಕಂದು ಬಣ್ಣದ್ದು. ಕನ್ನಡಿಯ ಕಂದು ತಂತಿ ಬಾಡಿಯಿಂದ ಹೊರಬರುವಲ್ಲೇ, ಬೂಟಿನ ಮೊದಲ ಸುಕ್ಕಿನೊಳಗೆ, ಹೊದಿಕೆ ಉಂಗುರದಂತೆ ಬಿರಿದು ನಿಂತಿತ್ತು. ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಬಿರುಕಿನ ಅಂಚಿನಲ್ಲಿ ಹೊದಿಕೆ ಕಾಫಿ ಬಣ್ಣದಿಂದ ಕಪ್ಪಿಗೆ ತಿರುಗಿತ್ತು. ವ್ಯರ್ಥವಾಗುತ್ತಿದ್ದ ಆ ಮೂರು ವ್ಯಾಟ್ ಇಲ್ಲಿಯೇ ಶಾಖವಾಗಿತ್ತು.

ಕಾರಣ ಊಹಿಸಲು ಕಷ್ಟವಿಲ್ಲ. ಚಾಲಕರ ಬಾಗಿಲು ದಿನಕ್ಕೆ ಹಲವು ಬಾರಿ ತೆರೆದು ಮುಚ್ಚುತ್ತದೆ, ಪ್ರತಿ ಬಾರಿಯೂ ತಂತಿ ಅದೇ ಜಾಗದಲ್ಲಿ ಬಾಗುತ್ತದೆ, ಚಳಿಯಲ್ಲಿ ಪಿವಿಸಿ ಹೊದಿಕೆ ಬಿರುಸಾಗಿ ಬಿರುಕು ಬಿಡುತ್ತದೆ, ಬಿರುಕಿನೊಳಗೆ ತೇವ ಇಳಿಯುತ್ತದೆ. ಕಿಟಕಿಯೂ ಬೀಗವೂ ಕನ್ನಡಿ ತಿರುಗಿಸುವ ಮೋಟಾರೂ ಸರಿಯಾಗಿಯೇ ಇದ್ದದ್ದರಿಂದ ಬಾಗಿಲಿನ ವೈರಿಂಗ್ ಬಗ್ಗೆ ಯಾರಿಗೂ ಅನುಮಾನ ಬಂದಿರಲಿಲ್ಲ. ಆ ಯಾವುದೂ ಈ ಕಂದು ತಂತಿಯನ್ನು ಬಳಸುತ್ತಿರಲಿಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಓಡಿದ ಹಳೆಯ ಕಾರುಗಳಲ್ಲಿ ಪವರ್ ವಿಂಡೋ ಬಾಗಿಲು ಅಲುಗಿಸಿದಾಗ ಮಾತ್ರ ಕೆಲಸ ಮಾಡುವುದನ್ನು ಕಂಡವರು ಇದೇ ಜಾಗವನ್ನು ಮೊದಲು ನೋಡಬಹುದು.

ಇಲ್ಲಿ ಒಂದು ನಿರ್ಧಾರ ಬೇಕಾಯಿತು. ಬಾಗಿಲಿನ ಇಡೀ ವೈರಿಂಗ್ ಕಟ್ಟನ್ನು ಗುಜರಿಗೆ ಹೋದ ಅದೇ ಮಾದರಿಯ ಕಾರಿನಿಂದ ತಂದು ಹಾಕುವ ಸಲಹೆ ಬಂದಿತ್ತು. ನಾವು ಒಪ್ಪಲಿಲ್ಲ. ಅದೇ ವಯಸ್ಸಿನ ಇನ್ನೊಂದು ಕಾರಿನ ತಂತಿಗಳೂ ಅದೇ ಸುಕ್ಕಿನಲ್ಲಿ ಅಷ್ಟೇ ಬಾಗಿ ದಣಿದಿರುತ್ತವೆ. ಮೇಲಾಗಿ ಬಾಗಿಲಿನ ಒಳಭಾಗವನ್ನೆಲ್ಲ ಬಿಚ್ಚಬೇಕಾಗುತ್ತದೆ. ಬದಲಿಗೆ ಬೂಟಿನೊಳಗಿನ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಬಾಗಿಸಿ ನೋಡಿ, ಹೊದಿಕೆ ಬಿರಿದಿದ್ದ ಮತ್ತೆರಡನ್ನು ಗುರುತಿಸಿ, ಕಂದು ತಂತಿಯೊಡನೆ ಅವನ್ನೂ ಬದಲಿಸಿದೆವು. ಉಳಿದವನ್ನು ಮುಟ್ಟಲಿಲ್ಲ. ಚೆನ್ನಾಗಿರುವ ತಂತಿಯನ್ನು ಕತ್ತರಿಸಿ ಜೋಡಿಸಿದರೆ ಒಂದೊಂದು ಜೋಡಣೆಯೂ ಮುಂದಿನ ದೋಷಕ್ಕೆ ಜಾಗ ಮಾಡಿಕೊಡುತ್ತದೆ.

ಕಡಿದ ತುದಿಗಳನ್ನು ಅಲ್ಲಲ್ಲೇ ಹೊಸೆದು ಟೇಪು ಸುತ್ತುವ ರೂಢಿಯ ಬಗ್ಗೆ ಒಂದು ಮಾತು. ಅದು ಕೆಲವು ವಾರ ಬಾಳುತ್ತದೆ, ಅಷ್ಟೆ. ಬೆಸುಗೆ ಹಾಕಿದರೂ ಅಷ್ಟೇ. ಕರಗಿದ ಸೀಸ ಎಳೆಗಳ ನಡುವೆ ಹರಿದು ತಂತಿಯನ್ನು ಕಡ್ಡಿಯಂತೆ ಗಡುಸಾಗಿಸುತ್ತದೆ, ಬೆಸುಗೆ ಮುಗಿಯುವ ಅಂಚಿನಲ್ಲಿ ಅದು ಮತ್ತೆ ಮುರಿಯುತ್ತದೆ. ಜೋಡಣೆ ಬಾಗುವ ಭಾಗದಲ್ಲಿ ಇರಲೇಬಾರದು. ಆದ್ದರಿಂದ ಬಿರುಸಾದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಸಣ್ಣ ಎಳೆಗಳ, ಸಿಲಿಕೋನ್ ಹೊದಿಕೆಯ ಮೆತ್ತನೆಯ ತಂತಿಯನ್ನು ಸ್ವಲ್ಪ ಉದ್ದವಾಗಿಯೇ ಹಾಕಿದೆವು. ಒಂದು ಜೋಡಣೆ ಬಾಡಿಯ ಒಳಗೆ, ಇನ್ನೊಂದು ಬಾಗಿಲಿನ ಒಳಗೆ, ಎರಡೂ ಕ್ರಿಂಪ್ ಮಾಡಿದವು, ಅಂದರೆ ಲೋಹದ ತುಣುಕನ್ನು ಹಿಸುಕಿ ಬಿಗಿದವು; ಅವುಗಳ ಮೇಲೆ, ಒಳಮೈಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ. ಮೂರು ತಂತಿಗಳ ಜೋಡಣೆಗಳು ಒಂದೇ ಕಡೆ ಗಂಟಾಗದಂತೆ ಹಿಂದೆ ಮುಂದೆ ಮಾಡಿದೆವು. ಬೂಟು ಬಾಡಿಯ ತೂತಿನಲ್ಲಿ ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದೆವು. ಅದು ಒಂದು ಕಡೆ ಮಡಿಚಿಕೊಂಡರೂ ನೀರು ನೇರವಾಗಿ ಒಳಗೆ ಇಳಿಯುತ್ತದೆ.

ಬ್ಯಾಟರಿ ಜೋಡಿಸಿ ಲೋಡ್ ಸಮೇತ ಮತ್ತೆ ಅಳೆದಾಗ ಅರ್ಥ್ ಕಡೆ 0.1 ವೋಲ್ಟ್, ಹೀಟರಿನ ಅಡ್ಡ 13.4. ಬಾಗಿಲನ್ನು ಯಾವ ಕೋನಕ್ಕೆ ತಂದರೂ ಅಂಕಿ ಕದಲಲಿಲ್ಲ. ಕೂರಿಸಿದ್ದು ಹಳೆಯ ಗಾಜನ್ನೇ. ಪರ್ಯಾಯ ಗಾಜಿಗೆ ಹೊರ ಅಂಚಿನ ಗೆರೆಯಾಚೆಯ ಹೆಚ್ಚು ಬಾಗಿದ ಭಾಗವಿರಲಿಲ್ಲ. ಪಕ್ಕದ ಲೇನಿನ ವಾಹನವನ್ನು ತೋರಿಸುವುದು ಆ ಭಾಗವೇ.

ಎಡಗಡೆಯ ಕನ್ನಡಿ

ಮರುದಿನ ಹಿಮ ಕಟ್ಟಿದ ಬೆಳಿಗ್ಗೆ ಎರಡೂ ಕನ್ನಡಿಗಳನ್ನು ಒಟ್ಟಿಗೆ ಚಾಲೂ ಮಾಡಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಬಲಗಡೆಯದು ಮಧ್ಯದಿಂದ ಅಂಚಿನವರೆಗೆ ತಿಳಿಯಾಯಿತು. 'ಸರಿಯಾಗಿದೆ' ಎಂದು ಎಲ್ಲರೂ ನಂಬಿದ್ದ ಎಡಗಡೆಯದರಲ್ಲಿ ಕಾರಿಗೆ ಹತ್ತಿರದ ಭಾಗ ಮಾತ್ರ ಕರಗಿ, ಹೊರಗಿನ ಭಾಗ ಬೆಳ್ಳಗೆ ಹಾಗೆಯೇ ಉಳಿಯಿತು. ಹೋಲಿಸಿ ನೋಡಲು ಸರಿಯಾದ ಕನ್ನಡಿಯೊಂದು ಇಲ್ಲದಿದ್ದಾಗ ಅರ್ಧ ಕೆಲಸ ಮಾಡುವುದೇ ಪೂರ್ತಿಯೆನಿಸಿತ್ತು.

ಬಾಯುಸಿರಿನಿಂದ ಗಾಜನ್ನು ಮಸುಕು ಮಾಡಿ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ: ಒಳಬದಿಯಲ್ಲಿ ಉದ್ದುದ್ದ ಪಟ್ಟಿಗಳಾಗಿ ಉಸಿರು ಆರುತ್ತಿತ್ತು, ಹೊರಬದಿಯಲ್ಲಿ ಪಟ್ಟಿಗಳೇ ಮೂಡಲಿಲ್ಲ. ಗಾಜು ತೆಗೆದು ಅಳೆದಾಗ 23 ಓಮ್. ಹೀಟರಿನ ಸಮಾನಾಂತರ ಹಾದಿಗಳಲ್ಲಿ ಕೆಲವು ಕಡಿದುಹೋಗಿ, ಉಳಿದವು ಎಂಟು ವ್ಯಾಟ್‌ನಷ್ಟು ಶಾಖ ಕೊಡುತ್ತಿದ್ದವು. ಇಲ್ಲಿ ತಂತಿಯ ತಪ್ಪಿಲ್ಲ. ಗಾಜು ನಿಜವಾಗಿಯೇ ಕೆಟ್ಟಿತ್ತು.

ಕಡಿದ ಹಾದಿಗಳನ್ನು ವಿದ್ಯುದ್ವಾಹಕ ಬಣ್ಣದಿಂದ ಬೆಸೆಯಬಹುದೆಂಬ ವಾದವಿದೆ. ಆದರೆ ಹಾಳೆಯನ್ನು ಗಾಜಿನಿಂದ ಬಿಡಿಸುವಾಗ ಉಳಿದ ಹಾದಿಗಳೂ ಹರಿಯುವ ಸಾಧ್ಯತೆಯೇ ಹೆಚ್ಚು. ಅಂಟಿಸುವ ಹೀಟರ್ ಹಾಳೆಗಳು ಸಿಗುತ್ತವೆ, ಆದರೆ ಹಳೆಯ ಹಾಳೆಯನ್ನು ಪೂರ್ತಿ ಕೆರೆದು ತೆಗೆಯಬೇಕು, ಆಗ ಕನ್ನಡಿಯ ಲೇಪವೂ ಕಿತ್ತುಬರಬಹುದು. ಮೂಲ ತಯಾರಿಕೆಯ ಗಾಜನ್ನು ಗುಜರಿ ಅಂಗಳದಿಂದ ತರುವುದೆಂದು ನಿರ್ಧರಿಸಿ, ಮೀಟರ್ ಜೇಬಿನಲ್ಲಿಟ್ಟುಕೊಂಡೇ ಹೋದೆವು. ಕೈಗೆ ಸಿಕ್ಕ ಮೊದಲನೆಯದರ ಹೀಟರ್ ಪೂರ್ತಿ ಕಡಿದಿತ್ತು. ಕಣ್ಣಿಗೆ ಅದೇ ಹೆಚ್ಚು ಹೊಸದಾಗಿ ಕಾಣುತ್ತಿತ್ತು. ಅಂಚಿನಲ್ಲಿ ಸಣ್ಣ ಗೀರಿದ್ದ ಇನ್ನೊಂದು 9.3 ಓಮ್ ತೋರಿಸಿತು. ಅದನ್ನೇ ತಂದೆವು.

ಗಾಜು ಬಿಡಿಸುವ ಕ್ರಮದ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನ ಗಾಜುಗಳು ಒಡೆಯುವುದು ಇಲ್ಲೇ. ಚಳಿಯಲ್ಲಿ ಹಿಂದಿನ ಪ್ಲಾಸ್ಟಿಕ್ ಕೊಕ್ಕೆಗಳು ಪುಡಿಯಾಗುವಷ್ಟು ಬಿರುಸಾಗಿರುತ್ತವೆ. ಕೂದಲು ಒಣಗಿಸುವ ಡ್ರೈಯರಿನಿಂದ ಕೆಲವು ನಿಮಿಷ ಬೆಚ್ಚಗೆ ಮಾಡಬೇಕು. ಗಾಜಿನ ಮೇಲೆ ಅಡ್ಡಡ್ಡ ಟೇಪು, ಕೈಗೆ ದಪ್ಪ ಕೈಗವಸು. ಒಂದು ಅಂಚನ್ನು ಒಳಕ್ಕೆ ಒತ್ತಿ, ಎದುರಿನ ಅಂಚಿನ ಹಿಂದೆ ಬೆರಳು ತೂರಿಸಿ ಸಮನಾಗಿ ಎಳೆಯಬೇಕು. ಬಿಟ್ಟುಬಂದ ಗಾಜು ತಂತಿಗಳಿಂದ ತೂಗಾಡಬಾರದು. ಟರ್ಮಿನಲ್ ಕಳಚುವಾಗ ಗಾಜಿನ ಕಡೆಯ ಚಪ್ಪಟೆ ತುಂಡನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ತಂತಿಯ ತುದಿಯನ್ನು ಎಳೆಯಬೇಕು. ಇಲ್ಲವಾದರೆ ಆ ತುಂಡು ಹಾಳೆಯಿಂದಲೇ ಕಿತ್ತುಬರುತ್ತದೆ.

ಹೊಸದಾಗಿ ತಂದ ಗಾಜನ್ನು ಕೂರಿಸಿದ ಮೇಲೆ ಎಡ ಬಾಗಿಲಿನ ಬೂಟನ್ನೂ ಮಗುಚಿ ನೋಡಿದೆವು. ಕಡಿಮೆ ತೆರೆಯುವ ಬಾಗಿಲಾದ್ದರಿಂದ ತಂತಿಗಳ ಹೊದಿಕೆ ಇನ್ನೂ ಮೆತ್ತಗಿತ್ತು, ಅರ್ಥ್ ಕಡೆ ಲೋಡ್ ಸಮೇತ 0.1 ವೋಲ್ಟ್ ಇತ್ತು. ಅದನ್ನು ಹಾಗೆಯೇ ಮುಚ್ಚಿ, ಎರಡೂ ಕನ್ನಡಿಗಳ ರೋಧ ಹಾಗೂ ವೋಲ್ಟೇಜುಗಳನ್ನು ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದುಕೊಟ್ಟೆವು. ಮುಂದಿನ ಚಳಿಗಾಲದ ಆರಂಭದಲ್ಲಿ ಮಾಲೀಕರೇ ಮತ್ತೆ ಅಳೆದಾಗ ಬಲಗಡೆಯ ಅರ್ಥ್ 0.1ರಲ್ಲೇ ಇತ್ತು, ಪರ್ಯಾಯ ಗಾಜನ್ನು ಮಾತ್ರ ಮಾರಾಟಗಾರರು ಕೊನೆಗೂ ವಾಪಸು ಪಡೆಯಲಿಲ್ಲ.